ಸೀಸೆಯೊಳಗಣ ಕಣ್ಣೀರು

ಕಣ್ಣೀರು ಎಂದೊಡನೆ ಮನಸ್ಸಿಗೆ ಬರುವುದು ದುಃಖ. ಧಾರಾವಾಹಿಯ ನಾಯಕಿಯ ಕಣ್ಣು ಹನಿಗೂಡಬೇಕಾದರೆ ಅದಕ್ಕೊಂದು ಸನ್ನಿವೇಶ ಬೇಕು, ಕಾರಣ ಬೇಕು. ಆದರೆ ಯಾವ ಕಾರಣವೂ ಇಲ್ಲದೆ, ಹಗಲಿಡೀ, ನಗುವಾಗಲೂ ಹರಟುವಾಗಲೂ ಮನುಷ್ಯನ ಕಣ್ಣಿನ ಮೇಲೆ ಕಣ್ಣೀರಿನ ತೆಳುವಾದ ಹೊದಿಕೆಯೊಂದು ಹರಡಿಕೊಂಡೇ ಇರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಅದು ಇದೆಯೆಂಬ ಅರಿವೇ ಯಾರಿಗೂ ಇರುವುದಿಲ್ಲ. ಅದು ಕಡಮೆಯಾದ ದಿನ ಮಾತ್ರ ಕಣ್ಣಿಗೆ ಮರಳು ಎರಚಿದಂತಾಗುತ್ತದೆ.

ಸಂಜೆಯ ಹೊತ್ತಿಗೆ ಕಣ್ಣು ಕರಕರಿಸುವುದು, ಉರಿಯುವುದು, ಎವೆಗಳು ಭಾರವಾಗುವುದು, ಓದುತ್ತಿರುವ ಅಕ್ಷರ ಮಬ್ಬಾಗಿ ಎವೆಯಿಕ್ಕಿದೊಡನೆ ಮತ್ತೆ ತಿಳಿಯಾಗುವುದು—ಇವು ನಗರದ ಮನೆಗಳಲ್ಲಿ ಇಂದು ತೀರ ಪರಿಚಿತವಾದ ದೂರುಗಳು. ಇಂಥ ದೂರು ನಾಲ್ಕು ದಿನ ಮುಂದುವರಿದರೆ ಮನೆಯವರಲ್ಲಿ ಯಾರಾದರೊಬ್ಬರು ಔಷಧದಂಗಡಿಗೆ ಹೋಗಿ, "ಕಣ್ಣಿಗೆ ಬಿಡಲು ಏನಾದರೂ ಕೊಡಿ" ಎನ್ನುತ್ತಾರೆ. ಅಂಗಡಿಯವರು ಹಿಂದೆ ತಿರುಗಿ ಸಾಲಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆಯನ್ನು ತೆಗೆದಿಡುತ್ತಾರೆ. ಆ ಸಾಲಿನಲ್ಲಿ ಕಣ್ಣನ್ನು ತೇವಗೊಳಿಸುವ ಕೃತಕ ಕಣ್ಣೀರೂ ಉಂಟು. ಕೆಂಪು ಕಳೆಯುವ ಮದ್ದೂ ಉಂಟು. ಸ್ಟೀರಾಯ್ಡ್ ಬೆರೆತ ಮದ್ದೂ ಉಂಟು. ಗಾತ್ರವೂ ಆಕಾರವೂ ಹೆಚ್ಚುಕಡಮೆ ಒಂದೇ. ಕಣ್ಣಿನ ಮೇಲೆ ಅವು ಮಾಡುವ ಕೆಲಸಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಸೀರೆಯನ್ನು ಕೊಳ್ಳುವಾಗ ಹತ್ತು ಸೀರೆಗಳ ಸೆರಗನ್ನು ಬಿಡಿಸಿ ನೋಡುವ ನಮ್ಮ ಜನ, ಕಣ್ಣಿಗೆ ಬಿಡುವ ಮದ್ದಿನ ಚೀಟಿಯನ್ನು ಒಮ್ಮೆಯೂ ಓದದೆ ಜೇಬಿಗೆ ಹಾಕಿಕೊಂಡು ಬರುವುದು ವಿಚಿತ್ರವೇ ಸರಿ. ಆ ಚೀಟಿಯ ಅಕ್ಷರಗಳು ಇರುವೆಯಷ್ಟು ಸಣ್ಣವು ಎಂಬುದು ನಿಜ. ಆದರೂ ಓದತಕ್ಕ ವಿಷಯವೆಲ್ಲ ಇರುವುದು ಅಲ್ಲಿಯೇ.

ಮೂರು ಪದರದ ಪಸೆ

ಕಣ್ಣೀರು ಬರಿಯ ಉಪ್ಪುನೀರಲ್ಲ. ಕಣ್ಣಿನ ಮೈಗೆ ಅಂಟಿದಂತೆ ತಳದಲ್ಲಿ ಲೋಳೆಯ ಲೇಪವಿದೆ. ನೀರು ಜಾರಿಹೋಗದೆ ಸಮನಾಗಿ ಹರಡಿಕೊಳ್ಳುವುದು ಅದರ ದೆಸೆಯಿಂದ. ನಡುವೆ ಇರುವುದು ನೀರಿನ ಭಾಗ. ಹುಬ್ಬಿನ ಹೊರತುದಿಯ ಕೆಳಗೆ, ಕಣ್ಣುಗೂಡಿನ ಒಳಗೆ ಅಡಗಿರುವ ಅಶ್ರುಗ್ರಂಥಿ ಇದರ ಬಹುಪಾಲನ್ನು ಒದಗಿಸುತ್ತದೆ. ಎಲ್ಲಕ್ಕೂ ಮೇಲೆ ತೀರ ತೆಳುವಾದ ಜಿಡ್ಡಿನ ಪದರ. ಉಪ್ಪಿನಕಾಯಿ ಜಾಡಿಯಲ್ಲಿ ಮೇಲೆ ನಿಂತ ಎಣ್ಣೆ ಒಳಗಿನದನ್ನು ಗಾಳಿಯಿಂದ ಕಾಯುವಂತೆ ಈ ಜಿಡ್ಡು ಕೆಳಗಿನ ನೀರು ಆರಿಹೋಗದಂತೆ ಕಾಯುತ್ತದೆ. ಎವೆಯಂಚಿನಲ್ಲಿ, ರೋಮಗಳ ಹಿಂದೆ ಸಾಲಾಗಿ ಬಾಯ್ದೆರೆದಿರುವ ಸೂಕ್ಷ್ಮ ಗ್ರಂಥಿಗಳು ಈ ಜಿಡ್ಡನ್ನು ಸ್ರವಿಸುತ್ತವೆ. ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿದನಾದ್ದರಿಂದ ಇವಕ್ಕೆ ಇಂದಿಗೂ ಮೈಬೋಮಿಯನ್ ಗ್ರಂಥಿಗಳೆಂದೇ ಹೆಸರು.

ಈ ಮೂರನ್ನೂ ಬೆರಸಿ ಕಣ್ಣಿನ ಮೇಲೆ ಸಾರಿಸುವ ಕೆಲಸ ಎವೆಗಳದು. ಸುಮ್ಮನೆ ಕುಳಿತಿರುವಾಗ ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ಎವೆಯಿಕ್ಕುತ್ತಾನೆ. ಪುಸ್ತಕವನ್ನೋ ಕಂಪ್ಯೂಟರಿನ ತೆರೆಯನ್ನೋ ಕೈಯಲ್ಲಿನ ಮೊಬೈಲನ್ನೋ ದಿಟ್ಟಿಸತೊಡಗಿದಾಗ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ. ಇಕ್ಕಿದ ಎವೆಯೂ ಪೂರ್ತಿ ಮುಚ್ಚುವುದಿಲ್ಲ. ಅದರ ಜೊತೆಗೆ ತಲೆಯ ಮೇಲೆ ತಂಪುಗಾಳಿ ಸುರಿಸುವ ಯಂತ್ರವಿದ್ದರೆ ಪಸೆ ಆರುವುದಕ್ಕೆ ಇನ್ನೇನು ಬೇಕು? ಬಳ್ಳಾರಿ, ರಾಯಚೂರುಗಳ ಬೇಸಗೆಯ ಒಣಗಾಳಿ ಮಾಡುವ ಕೆಲಸವನ್ನು ಬೆಂಗಳೂರಿನ ಕಚೇರಿಗಳು ವರ್ಷವಿಡೀ ಮಾಡುತ್ತಿವೆ. ಸ್ಕೂಟರಿನ ಮೇಲೆ ಮುಖಕ್ಕೆ ಏನನ್ನೂ ಹಿಡಿಯದೆ ಊರು ಸುತ್ತುವವರ ಪಾಡು ಬೇರೆ ಹೇಳಬೇಕಾಗಿಲ್ಲ.

ಒಣಗಣ್ಣಿಗೆ ಹೀಗೆ ಎರಡು ದಾರಿಗಳು. ನೀರಿನ ಸ್ರಾವವೇ ಕಡಮೆಯಾಗುವುದು ಒಂದು. ನೀರು ಸಾಕಷ್ಟಿದ್ದರೂ ಮೇಲಿನ ಜಿಡ್ಡು ಸರಿಯಿಲ್ಲದೆ ಬೇಗ ಆರಿಹೋಗುವುದು ಇನ್ನೊಂದು. ಎರಡೂ ಕೂಡಿರುವುದೂ ಉಂಟು. ಹೆಚ್ಚಾಗಿ ಕಂಡುಬರುವುದು ಜಿಡ್ಡಿನ ದೋಷವೇ. ಇಲ್ಲೊಂದು ವಿರೋಧಾಭಾಸವಿದೆ. ಪಸೆ ಆರಿ ಕಣ್ಣು ಉರಿದಾಗ ಅಶ್ರುಗ್ರಂಥಿ ಬೆದರಿ ಒಮ್ಮೆಲೇ ನೀರು ಸುರಿಸುತ್ತದೆ. "ನನ್ನ ಕಣ್ಣಿನಿಂದ ಧಾರೆಯಾಗಿ ನೀರು ಹರಿಯುತ್ತಿರುವಾಗ ಒಣಗಣ್ಣು ಎನ್ನುತ್ತಾರಲ್ಲ!" ಎಂದು ರೋಗಿಗಳು ವೈದ್ಯರ ಮೇಲೆ ಮುನಿಸಿಕೊಳ್ಳುವುದುಂಟು. ಹಾಗೆ ಸುರಿಯುವ ನೀರಿನಲ್ಲಿ ಜಿಡ್ಡೂ ಲೋಳೆಯೂ ಸಾಕಷ್ಟಿಲ್ಲದೆ ಅದು ಕೆನ್ನೆಗಿಳಿದು ಹೋಗುತ್ತದೆ, ಕಣ್ಣಿಗೆ ದಕ್ಕುವುದಿಲ್ಲ.

ಅಂಗೈಗೆ ಬಂದ ದೂರನ್ನು ಹಗುರವಾಗಿ ನೋಡುವುದೂ ಸಲ್ಲದು. ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ ಮಂಡಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ, ಕಣ್ಣೂ ಬಾಯೂ ಒಣಗಿದ್ದ 19 ಮಂದಿ ಸ್ತ್ರೀಯರ ವೃತ್ತಾಂತವಿತ್ತು. ಅವರಲ್ಲಿ 13 ಮಂದಿಗೆ ಹಳೆಯ ಕೀಲುಬೇನೆಯೂ ಇದ್ದಿತು. ಕಣ್ಣಿನ ಒಣಗು ಬರಿಯ ಕಣ್ಣಿನ ಮಾತಲ್ಲ, ಇಡೀ ಶರೀರದ ವ್ಯಾಧಿಯೊಂದರ ಮುಖವೂ ಆಗಿರಬಹುದೆಂದು ಆತ ಹೇಳಿದ. ಪರೀಕ್ಷಕರಿಗೆ ಇದು ಹಿಡಿಸಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗುವುದಕ್ಕೆ ಬೇಕಾದ ದರ್ಜೆಯನ್ನು ಅವರು ಕೊಡಲಿಲ್ಲ. ಆ ವ್ಯಾಧಿಗೆ ಇಂದು ಜಗತ್ತಿನ ವೈದ್ಯರೆಲ್ಲ ಹೇಳುವುದು ಆತನ ಹೆಸರನ್ನೆ. ನಡುವಯಸ್ಸು ದಾಟಿದ ತಾಯಂದಿರು "ಕಣ್ಣುರಿ, ಬಾಯಿ ಒಣಗುತ್ತದೆ, ಬೆರಳ ಗೆಣ್ಣು ನೋಯುತ್ತದೆ" ಎಂದಾಗ "ವಯಸ್ಸಾಯಿತಲ್ಲ" ಎಂದು ಮಾತು ತೇಲಿಸುವ ಮನೆಗಳು ಈ ಕಥೆಯನ್ನು ನೆನೆಯಬೇಕು. ಅಂಥವರಿಗೆ ಬೇಕಾದುದು ಅಂಗಡಿಯ ಸೀಸೆ ಮಾತ್ರವಲ್ಲ, ರಕ್ತಪರೀಕ್ಷೆಯೂ ಬೇಕಾದೀತು.

ಪರೀಕ್ಷೆಗಳೇನೂ ಭಯಪಡತಕ್ಕವಲ್ಲ. 1903ರಲ್ಲಿ ಜರ್ಮನಿಯ ಓಟೋ ಷಿರ್ಮರ್ ತೋರಿಸಿಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿದೆ. 5 ಮಿಲಿಮೀಟರ್ ಅಗಲದ ಹೀರುಕಾಗದದ ಪಟ್ಟಿಯನ್ನು ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಕಾಗದ 10 ಮಿಲಿಮೀಟರಿಗಿಂತ ಹೆಚ್ಚು ನೆನೆದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 5ಕ್ಕಿಂತ ಕಡಮೆಯಾದರೆ ನೀರಿನ ಕೊರತೆ ದಿಟ. ಬಣ್ಣದ ಹನಿಯೊಂದನ್ನು ಬಿಟ್ಟು, ನೀಲಿ ಬೆಳಕಿನಲ್ಲಿ, ಕಣ್ಣೀರಿನ ಹೊದಿಕೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದು ಎಣಿಸುವುದು ಮತ್ತೊಂದು ಪರೀಕ್ಷೆ. ಹತ್ತು ಸೆಕೆಂಡಿಗೆ ಮುನ್ನವೇ ಒಡೆದರೆ ಪಸೆ ನಿಲ್ಲುತ್ತಿಲ್ಲವೆಂದು ಅರ್ಥ.

ಗೋರಿಕಾಯಿಯಿಂದ ಹುಂಜದ ಜುಟ್ಟಿನವರೆಗೆ

ಕೃತಕ ಕಣ್ಣೀರಿನಲ್ಲಿ ಬಹುಪಾಲು ನೀರೇ. ಅದಕ್ಕೆ ಕಣ್ಣೀರಿಗೆ ಹೊಂದುವಷ್ಟು ಲವಣ. ಜೊತೆಗೆ ನೀರು ಕಣ್ಣಿನ ಮೇಲೆ ನಿಲ್ಲುವಂತೆ ಮಾಡುವ ಅಂಟು ದ್ರವ್ಯವೊಂದು. ಸೀಸೆ ಸೀಸೆಗೂ ಮುಖ್ಯವಾದ ವ್ಯತ್ಯಾಸ ಈ ಅಂಟಿನಲ್ಲಿದೆ. ವ್ಯಾಪಾರದ ಹೆಸರುಗಳನ್ನು ಪಟ್ಟಿಮಾಡಿ ಪ್ರಯೋಜನವಿಲ್ಲ; ಒಂದೇ ದ್ರವ್ಯ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ದ್ರವ್ಯದ ಹೆಸರನ್ನು ಗುರುತಿಸಲು ಕಲಿತರೆ ಸಾಕು.

ಹೆಚ್ಚು ಕಾಣಸಿಗುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಮರದ ತಿರುಳು, ಹತ್ತಿಗಳಲ್ಲಿರುವ ಸೆಲ್ಯುಲೋಸಿನಿಂದ ಇದನ್ನು ತಯಾರಿಸುತ್ತಾರೆ. ಶೇಕಡ 0.5ರದು ತೆಳು, ಶೇಕಡ 1ರದು ಮಂದ. ಇದರ ಜ್ಞಾತಿಯೆನ್ನಬಹುದಾದ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಇನ್ನೂ ಹಳೆಯದು, ಅಗ್ಗವಾದದ್ದು. ಇವೆರಡೂ ಹಗುರವಾದ ತೊಂದರೆಗೆ ಸಾಲುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಜೋಡಿಯ ಹನಿಗಳು ಕೆಲವು. ಇವುಗಳೊಡನೆ ಸೇರಿಸುವ ಅಂಟೊಂದರ ಹೆಸರು ಕೇಳಿದರೆ ನಮ್ಮ ಗೃಹಿಣಿಯರು ಹುಬ್ಬೇರಿಸಿಯಾರು: ಅದು ಗ್ವಾರ್, ಎಂದರೆ ಪಲ್ಯಕ್ಕೆ ಹೆಚ್ಚುವ ಗೋರಿಕಾಯಿ! ರಾಜಸ್ಥಾನದ ಒಣಭೂಮಿಯಲ್ಲಿ ವಿಪುಲವಾಗಿ ಬೆಳೆಯುವ ಈ ಕಾಯಿಯ ಬೀಜದ ಗೋಂದನ್ನು ಮಾರ್ಪಡಿಸಿ ಬಳಸುತ್ತಾರೆ. ಸೀಸೆಯಲ್ಲಿ ತೆಳುವಾಗಿರುವ ಇದು ಕಣ್ಣೀರಿನೊಡನೆ ಬೆರೆತಾಗ ಲೋಳೆಯ ಜಾಲದಂತೆ ಗಟ್ಟಿಗೊಂಡು ಕಣ್ಣಿನ ಮೈಯನ್ನು ಹಿಡಿದುಕೊಳ್ಳುತ್ತದೆ.

ಈಚೆಗೆ ಬಹಳ ಮನ್ನಣೆ ಪಡೆದಿರುವುದು ಸೋಡಿಯಮ್ ಹೈಲುರೊನೇಟ್. ಇದರ ಮೂಲದ್ರವ್ಯವನ್ನು 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬಿಬ್ಬರು ಹಸುವಿನ ಕಣ್ಣಿನೊಳಗಿನ ಗಾಜಿನಂಥ ತಿಳಿಲೋಳೆಯಿಂದ ಬೇರ್ಪಡಿಸಿದರು. ತನ್ನ ತೂಕಕ್ಕಿಂತ ಎಷ್ಟೋ ಪಾಲು ನೀರನ್ನು ಹಿಡಿದಿಡುವುದು ಇದರ ಗುಣ. ಎವೆಯಿಕ್ಕುವಾಗ ತೆಳುವಾಗಿ ಜಾರಿ, ಎವೆ ತೆರೆದಾಗ ಮಂದವಾಗಿ ನಿಲ್ಲುವುದರಿಂದ ಕಣ್ಣಿಗೆ ಹಿತವಾಗಿರುತ್ತದೆ. ಒಂದು ಕಾಲದಲ್ಲಿ ಹುಂಜದ ಜುಟ್ಟಿನಿಂದಲೂ ಇದನ್ನು ತೆಗೆಯುತ್ತಿದ್ದರೆಂಬುದನ್ನು ಕೇಳಿ ಮಡಿವಂತರ ಮನೆಗಳಲ್ಲಿ ಗಾಬರಿಯಾಗಬಹುದು. ಈಗ ಬಹುತೇಕ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಹುಳಿಹಿಡಿಸುವಂಥ ಕ್ರಮದಿಂದಲೇ ತಯಾರಿಸುತ್ತಾರೆ. ದೋಸೆಹಿಟ್ಟನ್ನು ಒಪ್ಪಿದವರು ಇದನ್ನೂ ಒಪ್ಪಬಹುದು.

ಹಾಗಾದರೆ ಇವುಗಳಲ್ಲಿ ಯಾವುದು ಮೇಲು? ಜಾಹೀರಾತುಗಳು ಏನೇ ಹೇಳಲಿ, 2016ರಲ್ಲಿ ಕಾಕ್ರನ್ ಸಂಸ್ಥೆಯ ಪರಿಶೀಲಕರು 43 ಪ್ರಯೋಗಗಳನ್ನು ತೂಗಿನೋಡಿ, ಇವು ಒಟ್ಟಿನಲ್ಲಿ ನಿರಪಾಯಕರವೆಂದೂ ಉಪಕಾರಿಯಾಗಬಲ್ಲವೆಂದೂ ಹೇಳಿದರು. ಆದರೆ ಒಂದು ಬಗೆ ಇನ್ನೊಂದಕ್ಕಿಂತ ಮೇಲೆಂದು ತೀರ್ಮಾನಿಸಲು ಸಾಕಷ್ಟು ಆಧಾರ ಅವರಿಗೆ ಸಿಕ್ಕಲಿಲ್ಲ. ಎಂದಮೇಲೆ ಬೆಲೆ ಹೆಚ್ಚಾದಷ್ಟೂ ಗುಣ ಹೆಚ್ಚೆಂಬ ಭ್ರಮೆ ಬೇಡ. ಅಗ್ಗದ ತೆಳುಹನಿಯಿಂದ ತೊಡಗಿ, ಅದು ಸಾಲದಿದ್ದರೆ ಮಂದವಾದುದಕ್ಕೆ ಹೋಗುವುದು ವಿವೇಕ. ಮಂದವಾದಷ್ಟೂ ಅದು ಕಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಜ. ಅಷ್ಟೇ ಹೊತ್ತು ನೋಟವನ್ನು ಮಬ್ಬುಮಾಡುತ್ತದೆ. ಆದ್ದರಿಂದ ಕಚೇರಿಯಲ್ಲಿ ಕುಳಿತವರಿಗೂ ಗಾಡಿ ನಡೆಸುವವರಿಗೂ ಹಗಲು ತೆಳುಹನಿಯೇ ತಕ್ಕದ್ದು. ಜೆಲ್ಲುಗಳೂ, ಪೆಟ್ರೋಲಿಯಮ್ ಜೆಲ್ಲಿ, ದ್ರವ ಪ್ಯಾರಫಿನ್‌ಗಳಿಂದಾದ ಮುಲಾಮುಗಳೂ ಮಲಗುವ ವೇಳೆಗೆ. ನಿದ್ರೆಯಲ್ಲಿ ಅರೆಗಣ್ಣು ತೆರೆದಿರುವವರು ಹಲವರು. ಅದು ಅವರಿಗೆ ತಿಳಿದಿರುವುದಿಲ್ಲ, ಜೊತೆಯಲ್ಲಿರುವವರಿಗೆ ತಿಳಿದಿರುತ್ತದೆ. ಮೇಲೆ ಫ್ಯಾನು ತಿರುಗುತ್ತಿದ್ದು ಬೆಳಗ್ಗೆ ಏಳುತ್ತಲೇ ಕಣ್ಣುರಿಯುವುದಾದರೆ ಇಂಥವರಿಗೆ ರಾತ್ರಿಯ ಮುಲಾಮು ಬಹಳ ಉಪಕಾರಿ.

ಜಿಡ್ಡಿನ ದೋಷವಿದ್ದವರಿಗೆ ಬರಿಯ ನೀರಿನ ಹನಿ ಸಾಲದು. ಖನಿಜ ತೈಲವನ್ನೋ ಹರಳೆಣ್ಣೆಯನ್ನೋ ತೀರ ಸಣ್ಣ ಕಣಗಳಾಗಿ ನೀರಿನಲ್ಲಿ ಬೆರಸಿದ ಹಾಲಿನಂಥ ಹನಿಗಳು ಅವರಿಗಾಗಿ ಇವೆ. ಆದರೆ ಹನಿಗಿಂತ ಹೆಚ್ಚಿನ ಗುಣ ಕೊಡಬಲ್ಲದ್ದು ಖರ್ಚಿಲ್ಲದ ಉಪಾಯವೊಂದು: ಒಗೆದ ಬಟ್ಟೆಯನ್ನು ಸಹಿಸಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಎವೆಗಳ ಮೇಲೆ ಐದರಿಂದ ಹತ್ತು ನಿಮಿಷ ಇಡುವುದು, ಆರಿದಾಗ ಮತ್ತೆ ಅದ್ದುವುದು. ಗ್ರಂಥಿಯ ಬಾಯಲ್ಲಿ ಹೆಪ್ಪುಗಟ್ಟಿದ ಜಿಡ್ಡು, ಚಳಿಗಾಲದ ತುಪ್ಪ ಬಿಸಿಲಿಗೆ ಕರಗುವಂತೆ, ಕರಗುತ್ತದೆ. ಬಳಿಕ ಎವೆಯಂಚಿನ ಕಡೆಗೆ ಬೆರಳಿನಿಂದ ಮೆಲ್ಲನೆ ನೀವಬೇಕು. ಒಂದು ದಿನ ಮಾಡಿ ಬಿಟ್ಟರೆ ಫಲವಿಲ್ಲ. ಹಲ್ಲುಜ್ಜುವಂತೆ ನಿತ್ಯದ ರೂಢಿಯಾಗಬೇಕು. ಮೀನೆಣ್ಣೆಯ ಗುಳಿಗೆಗಳ ವಿಷಯದಲ್ಲಿ ಬಹಳ ಮಾತು ಕೇಳಿಬರುತ್ತಿತ್ತು. ಅಮೆರಿಕದಲ್ಲಿ 535 ಮಂದಿಯ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೀನೆಣ್ಣೆ ನುಂಗಿದವರಿಗೂ ಆಲಿವ್ ಎಣ್ಣೆ ನುಂಗಿದವರಿಗೂ ಗಮನಾರ್ಹವಾದ ಅಂತರ ಕಾಣಲಿಲ್ಲ.

ಕಾಯುವ ವಿಷ

ಇಷ್ಟೆಲ್ಲ ಅಂಟುಗಳ ವಿಚಾರವಾಯಿತು. ಆಯ್ಕೆಯಲ್ಲಿ ಇದಕ್ಕಿಂತಲೂ ದೊಡ್ಡ ಪ್ರಶ್ನೆ ಬೇರೆ ಇದೆ. ಚೀಟಿಯ ಕೊನೆಯಲ್ಲಿ, "ಸಂರಕ್ಷಕ" ಎಂಬ ಅರ್ಥ ಬರುವ ಪ್ರಿಸರ್ವೇಟಿವ್ ಎಂಬ ಮಾತಿನ ಮುಂದೆ ಏನು ಬರೆದಿದೆ?

ಒಮ್ಮೆ ತೆರೆದ ಸೀಸೆಯನ್ನು ತಿಂಗಳುಗಟ್ಟಲೆ ಬಳಸಬೇಕಾದರೆ ಅದರಲ್ಲಿ ಕ್ರಿಮಿಗಳು ಬೆಳೆಯದಂತೆ ಏನಾದರೂ ಹಾಕಲೇಬೇಕು. ಹೀಗೆ ಹಾಕುವ ದ್ರವ್ಯಗಳಲ್ಲಿ ಎಲ್ಲಕ್ಕಿಂತ ವ್ಯಾಪಕವಾದದ್ದು ಬೆನ್ಜಾಲ್ಕೋನಿಯಮ್ ಕ್ಲೋರೈಡ್. 1940ರ ದಶಕದಿಂದಲೂ ಕಣ್ಣಿನ ಮದ್ದುಗಳಲ್ಲಿ ಇದರ ಬಳಕೆಯಿದೆ. ಸ್ವಭಾವತಃ ಇದು ಸಾಬೂನಿನ ಜಾತಿಯದು. ಕ್ರಿಮಿಯ ಮೈಯನ್ನು ಕರಗಿಸಿ ಕೊಲ್ಲುತ್ತದೆ. ಆದರೆ ಕ್ರಿಮಿಯ ಮೈ ಯಾವುದು, ಕಣ್ಣಿನ ಮೈ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದ ಮೇಲುಕೋಶಗಳನ್ನೂ, ಲೋಳೆಯನ್ನು ಕೊಡುವ ಕೋಶಗಳನ್ನೂ ಅದು ಸವೆಸುತ್ತದೆ. ಜಿಡ್ಡಿನ ಪದರವನ್ನು ಒಡೆಯುತ್ತದೆ. ದಿನಕ್ಕೊಂದು ಎರಡು ಹನಿಯಾದರೆ ಆರೋಗ್ಯವಂತ ಕಣ್ಣು ತಾಳಿಕೊಂಡೀತು. ಮೊದಲೇ ಒಣಗಿದ ಕಣ್ಣಿಗೆ ದಿನವೂ ಆರೆಂಟು ಸಲ ಇದನ್ನು ಬಿಟ್ಟರೆ, ಉರಿ ಹೆಚ್ಚಿತೆಂದು ಹನಿ, ಹನಿ ಹೆಚ್ಚಿತೆಂದು ಉರಿ—ಹೀಗೆ ಸಾಲ ತೀರಿಸಲು ಸಾಲ ಮಾಡಿದಂತಾಗುತ್ತದೆ.

ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಾಗಿ ಹನಿ ಬೇಕಾಗುವವರು ಸಂರಕ್ಷಕವಿಲ್ಲದ ಹನಿಯನ್ನೇ ಕೊಳ್ಳಬೇಕೆಂದು ನೇತ್ರವೈದ್ಯರು ಹೇಳುವುದು ಇದಕ್ಕಾಗಿಯೇ. ಗ್ಲಾಕೋಮಕ್ಕೆ ನಿತ್ಯ ಮದ್ದು ಬಿಡುತ್ತಿರುವ ವೃದ್ಧರಿಗೆ ಆ ಮದ್ದಿನಿಂದಲೇ ಸಂರಕ್ಷಕ ಸಾಕಷ್ಟು ಸೇರುತ್ತಿರಬಹುದಾದ್ದರಿಂದ ಅವರು ಇನ್ನೂ ಎಚ್ಚರಿಕೆಯಿಂದಿರಬೇಕು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ಕಾಲೇಜು ಹುಡುಗಿಯರೂ ಅಷ್ಟೆ. ಲೆನ್ಸು ಈ ದ್ರವ್ಯವನ್ನು ಹೀರಿಕೊಂಡು ಹೊತ್ತುಹೊತ್ತಿಗೆ ಕಣ್ಣಿಗೆ ಬಿಡುತ್ತಿರುತ್ತದೆ. ಸೌಮ್ಯವಾದ ಸಂರಕ್ಷಕಗಳೂ ಇವೆಯೆನ್ನಿ. ಆಕ್ಸಿಕ್ಲೋರೋ ಎಂಬ ಹೆಸರಿನದು ಬೆಳಕು ತಗುಲಿದೊಡನೆ ನೀರು, ಉಪ್ಪು, ಆಮ್ಲಜನಕಗಳಾಗಿ ಒಡೆದುಹೋಗುತ್ತದೆ. ಪರ್‌ಬೊರೇಟ್ ಎಂಬುದೂ ಕಣ್ಣನ್ನು ಸೇರಿದ ಮೇಲೆ ನಿರುಪದ್ರವಿಯಾಗುತ್ತದೆ. ನಡುವಣ ದಾರಿ ಬೇಕಾದವರಿಗೆ ಇವು ಒಳ್ಳೆಯವು.

ಹಾಗಿದ್ದಮೇಲೆ ಸಂರಕ್ಷಕವೇ ಇಲ್ಲದ ಸೀಸೆ ಎಲ್ಲರಿಗೂ ಮೇಲಲ್ಲವೆ ಎಂದು ಕೇಳಬಹುದು. ಇದಕ್ಕೆ ಉತ್ತರ 2023ರಲ್ಲಿ ಬಹು ದಾರುಣವಾಗಿ ದೊರೆಯಿತು. ಅಮೆರಿಕದಲ್ಲಿ ಔಷಧಗಳಿಗೆ ಬಗ್ಗದ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯ ಒಂದೊಂದೇ ಊರಿನಲ್ಲಿ ತಲೆದೋರಿತು. ಮೂಲವನ್ನು ಹುಡುಕುತ್ತ ಹೋದ ಅಧಿಕಾರಿಗಳು ನಿಂತದ್ದು ಕೃತಕ ಕಣ್ಣೀರಿನ ಸೀಸೆಯೊಂದರ ಮುಂದೆ. ಆ ಸೀಸೆ ತಯಾರಾದದ್ದು ನಮ್ಮ ನೆರೆಯ ಚೆನ್ನೈ ಪ್ರಾಂತದ ಕಾರ್ಖಾನೆಯಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಮೇ ತಿಂಗಳ ಲೆಕ್ಕದಂತೆ 18 ರಾಜ್ಯಗಳಲ್ಲಿ 81 ಮಂದಿಗೆ ಸೋಂಕು ತಗುಲಿತ್ತು, 14 ಮಂದಿ ದೃಷ್ಟಿಯನ್ನು ಕಳೆದುಕೊಂಡಿದ್ದರು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ತೀರಿಕೊಂಡರು. ಹಲವು ದಿನ ಬಳಸುವ ಸೀಸೆ. ಅದರಲ್ಲಿ ತಕ್ಕ ಸಂರಕ್ಷಕವಿರಲಿಲ್ಲವೆಂದು ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಹೇಳಿತು. ತಯಾರಿಕೆಯ ಶುದ್ಧಿಯಲ್ಲಿಯೂ ಲೋಪಗಳನ್ನು ಎತ್ತಿತೋರಿಸಿತು. ಕಣ್ಣುರಿಗೆಂದು ಕೊಂಡ ಹನಿ ಹೀಗೆ ಕಣ್ಣನ್ನೇ ಕೇಳಿತು.

ಸಂರಕ್ಷಕವಿಲ್ಲದ ಹನಿ ಎಂದರೆ ಯಾವ ರೂಪದಲ್ಲಿ ಎಂಬುದು ಆದ್ದರಿಂದ ಮುಖ್ಯ. ಒಂದು ವೇಳೆಗೆ ಒಂದರಂತೆ ಮುರಿದು ಬಳಸಿ ಎಸೆಯುವ ಪುಟ್ಟ ಕೊಳವೆಗಳು ಒಂದು ರೂಪ. ಒಂದು ಕೊಳವೆಯಲ್ಲಿ ಇನ್ನೂ ಎರಡು ಹನಿ ಉಳಿದಿದೆಯಲ್ಲ ಎಂದು ಅದನ್ನು ನಾಳೆಗೆ ಎತ್ತಿಡುವುದು ನಮ್ಮ ಮನೆಗಳ ಸಹಜ ಮಿತವ್ಯಯ. ಇಲ್ಲಿ ಅದು ಕೂಡದು. ಹೊರಗಿನ ಗಾಳಿ ಒಳನುಗ್ಗದಂತೆ ವಿಶೇಷವಾದ ಬಾಯಿಯನ್ನು ಅಳವಡಿಸಿದ ಸೀಸೆಗಳು ಇನ್ನೊಂದು ರೂಪ. ಬೆಲೆ ಹೆಚ್ಚು, ಹಿಂಡಲು ಬೆರಳಿಗೆ ಸ್ವಲ್ಪ ಬಲವೂ ಬೇಕು. ಕೀಲುಬೇನೆಯ ಅಜ್ಜಿಗೆ ಇದನ್ನು ಕೊಳ್ಳುವ ಮುನ್ನ ಆಕೆಯ ಕೈಗೆ ಕೊಟ್ಟು ನೋಡುವುದು ಒಳ್ಳೆಯದು.

ಕೊಳ್ಳಬಾರದ ಸೀಸೆಗಳು

ಔಷಧದಂಗಡಿಯ ಸಾಲಿನಲ್ಲಿ ಕೃತಕ ಕಣ್ಣೀರಿನ ಪಕ್ಕದಲ್ಲಿಯೇ ನಿಂತಿರುವ ಬೇರೆ ಹನಿಗಳ ಪ್ರಸ್ತಾಪ ಮೊದಲೇ ಬಂದಿತಷ್ಟೆ. ನ್ಯಾಫಜೋಲಿನ್, ಟೆಟ್ರಾಹೈಡ್ರಜೋಲಿನ್ ಎಂಬ ಹೆಸರುಗಳಿರುವುದು ಕೆಂಪು ಕಳೆಯುವ ಮದ್ದು. ಇದು ಕಣ್ಣಿನ ರಕ್ತನಾಳಗಳನ್ನು ಬಿಗಿಹಿಡಿದು ಬೆಳ್ಳಗೆ ತೋರಿಸುತ್ತದೆ. ಮದುವೆಯ ಫೋಟೋಕ್ಕೆ ಚೆನ್ನು. ಪಸೆಯನ್ನೇನೂ ಇದು ಕೊಡುವುದಿಲ್ಲ. ದಿನವೂ ಬಿಡುತ್ತ ಹೋದರೆ ಮದ್ದಿನ ಹಿಡಿತ ಸಡಿಲಿದಾಗಲೆಲ್ಲ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬಿ ಕಣ್ಣು ಕೆಂಡವಾಗುತ್ತದೆ.

ಸ್ಟೀರಾಯ್ಡ್ ಇದಕ್ಕಿಂತ ಮೋಸದ್ದು, ಏಕೆಂದರೆ ಅದು ನಿಜವಾಗಿಯೂ ಸುಖ ಕೊಡುತ್ತದೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್—ಈ ಹೆಸರುಗಳಲ್ಲಿ ಯಾವುದಾದರೂ ಚೀಟಿಯ ಮೇಲಿದ್ದರೆ ವೈದ್ಯರ ಬರಹವಿಲ್ಲದೆ ಮುಟ್ಟಬಾರದು. ನೆರೆಮನೆಯವರಿಗೆ ಕೊಟ್ಟಿದ್ದ ಸೀಸೆಯಲ್ಲಿ ಉಳಿದದ್ದನ್ನು, ಕಣ್ಣು ಉಜ್ಜಿಕೊಳ್ಳುವ ಮಗುವಿಗೆ ಬಿಡುತ್ತಾರೆ. ಎರಡೇ ದಿನಗಳಲ್ಲಿ ತುರಿಕೆ ಮಾಯ! ಮತ್ತೆ ತುರಿಕೆ ಬಂದಾಗ ಮತ್ತೆ ಅದೇ ಸೀಸೆ. ತಿಂಗಳುಗಳು ಕಳೆಯುವಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ನೋವಿಲ್ಲದೆಯೇ ಏರಿ ದೃಷ್ಟಿನರವನ್ನು ಸವೆಸಿರುತ್ತದೆ, ಪೊರೆಯೂ ಬೆಳೆಯಬಹುದು. ಪೊರೆಯನ್ನಾದರೂ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಸವೆದ ನರ ಮರಳಿ ಬಾರದು.

ಮನೆಮದ್ದಿನ ಮಾತೂ ಇಲ್ಲಿಯೇ ಬಂದುಹೋಗಲಿ. ಒಣಗಣ್ಣು ಹೊಸ ನಾಗರಿಕತೆ ತಂದ ರೋಗವೇನಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶುಷ್ಕಾಕ್ಷಿಪಾಕವೆಂಬ ಹೆಸರಿನಿಂದ ಇದರ ಲಕ್ಷಣಗಳಿವೆ. ಚಿಕಿತ್ಸೆಯಲ್ಲಿ ತುಪ್ಪಕ್ಕೆ ಪ್ರಾಶಸ್ತ್ಯ. ಉದ್ದಿನ ಹಿಟ್ಟಿನಿಂದ ಕಣ್ಣಿನ ಸುತ್ತ ಕಟ್ಟೆ ಕಟ್ಟಿ ತುಪ್ಪ ತುಂಬುವ ತರ್ಪಣವಿಧಿ ಇಂದಿಗೂ ಆಯುರ್ವೇದ ಚಿಕಿತ್ಸಾಲಯಗಳಲ್ಲಿದೆ. ಕಣ್ಣಿಗೆ ಜಿಡ್ಡು ಬೇಕೆಂಬುದನ್ನು ಹಿಂದಿನವರು ಕಂಡುಕೊಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಡುಗೆಮನೆಯ ಹರಳೆಣ್ಣೆ, ಜೇನುತುಪ್ಪ, ಅಂಗಡಿಯ ಗುಲಾಬಿನೀರು, ಬಾಣಂತಿಯ ಎದೆಹಾಲು ಇವುಗಳಲ್ಲಿ ಯಾವುದೂ ಕ್ರಿಮಿಶುದ್ಧವಲ್ಲ. ಕಾರ್ಖಾನೆಯಲ್ಲಿ ಶುದ್ಧಿಗೆಟ್ಟದ್ದರಿಂದಲೇ ಅಷ್ಟು ಅನರ್ಥವಾಗಿರುವಾಗ ತೆರೆದ ಬಟ್ಟಲಿನ ದ್ರವವನ್ನು ಕಣ್ಣಿಗೆ ಬಿಡುವುದು ಹೇಗೆ? ಮುಚ್ಚಿದ ಎವೆಯ ಮೇಲೆ ತೊಳೆದ ನಂದಿಬಟ್ಟಲು ಹೂವಿಟ್ಟುಕೊಂಡು ಅರ್ಧ ಗಂಟೆ ಮಲಗುವುದಕ್ಕೆ ಮಾತ್ರ ಯಾರ ಆಕ್ಷೇಪಣೆಯೂ ಇರಲಾರದು. ಆ ಅರ್ಧ ಗಂಟೆ ಮೊಬೈಲು ಕೈಯಲ್ಲಿರುವುದಿಲ್ಲವೆಂಬುದೇ ದೊಡ್ಡ ಚಿಕಿತ್ಸೆ.

ಹನಿಯಿಂದ ಗುಣವಾಗದ ಒಣಗು ಇನ್ನೊಂದಿದೆ. ಎಳೆಯ ಮಕ್ಕಳ ಕಣ್ಣಿನ ಬಿಳಿಭಾಗ ಹೊಳಪುಗೆಟ್ಟು, ಮಸುಕಾದ ನೊರೆಯಂಥ ಚುಕ್ಕೆಗಳು ಕಂಡು, ಮುಸ್ಸಂಜೆಯಲ್ಲಿ ಮಗು ತಡವರಿಸಿ ನಡೆದರೆ ಅದು ಎ ಜೀವಸತ್ವದ ಕೊರತೆ. ಭಾರತದಲ್ಲಿ 1970ರಿಂದ ಮಕ್ಕಳಿಗೆ ಈ ಜೀವಸತ್ವವನ್ನು ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ನಡೆದು ಬಂದಿದೆ. ಇದಕ್ಕೆ ಬೇಕಾದುದು ತಕ್ಷಣ ವೈದ್ಯರ ಭೇಟಿ, ಆಮೇಲೆ ತಟ್ಟೆಯಲ್ಲಿ ನುಗ್ಗೆಸೊಪ್ಪು, ಪರಂಗಿಹಣ್ಣು, ಕೃತಕ ಕಣ್ಣೀರಲ್ಲ. ದೊಡ್ಡವರಲ್ಲಿಯೂ ಕಾರಣ ಕಣ್ಣಿನಲ್ಲೇ ಇರಬೇಕೆಂದಿಲ್ಲ. ನೆಗಡಿ, ಅಲರ್ಜಿಗಳಿಗೆ ನುಂಗುವ ಮಾತ್ರೆಗಳೂ, ಮನೋವ್ಯಾಕುಲತೆಗೆ ಕೊಡುವ ಕೆಲವು ಔಷಧಗಳೂ ಕಣ್ಣೀರನ್ನು ಒಣಗಿಸುತ್ತವೆ. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸಬಾರದು. ಕಣ್ಣಿನ ವೈದ್ಯರಿಗೆ ಅವುಗಳ ಹೆಸರನ್ನು ಹೇಳಿದರೆ ಸಾಕು. ಇನ್ನು ತೀವ್ರವಾದ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಕುಂದುವುದು, ಕೀವು ಬರುವುದು, ಒಂದೇ ಕಣ್ಣು ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂಗಡಿಯ ದಾರಿ ಬಿಟ್ಟು ಆಸ್ಪತ್ರೆಯ ದಾರಿ ಹಿಡಿಯಬೇಕು.

ಸರಿಯಾದ ಸೀಸೆ ಮನೆಗೆ ಬಂದಿತೆಂದುಕೊಳ್ಳೋಣ. ಬಿಡುವ ಬಗೆಯಲ್ಲಿಯೇ ಅರ್ಧ ಮದ್ದು ಕೆನ್ನೆಯ ಪಾಲಾಗುವುದುಂಟು. ಕಣ್ಣು ಹಿಡಿಯಬಲ್ಲದ್ದು ಒಂದು ಹನಿಗಿಂತಲೂ ಕಡಮೆ. ಎರಡನೆಯ ಹನಿ ಬರಿಯ ನಷ್ಟ. ಕೈ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಆ ಚೀಲದಂಥ ಎಡೆಗೆ ಒಂದೇ ಹನಿಯನ್ನು ಬಿಡಬೇಕು. ಸೀಸೆಯ ತುದಿ ಎವೆಗಾಗಲಿ ಬೆರಳಿಗಾಗಲಿ ತಗುಲಕೂಡದು. ಕೈ ನಡುಗುವ ವೃದ್ಧರು ಸೀಸೆ ಹಿಡಿದ ಕೈಯನ್ನು ಹಣೆಗೆ ಊರಿಕೊಂಡರೆ ಗುರಿ ತಪ್ಪುವುದಿಲ್ಲ. ಬಳಿಕ ಪಟಪಟನೆ ಎವೆ ಬಡಿಯದೆ, ಒಂದೆರಡು ನಿಮಿಷ ಕಣ್ಣು ಮುಚ್ಚಿಕೊಂಡು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿಹಿಡಿಯಬೇಕು. ಕಣ್ಣೀರು ಮೂಗಿಗಿಳಿಯುವ ಕಿಂಡಿ ಅಲ್ಲಿದೆ. ಕಣ್ಣಿನ ಮದ್ದು ಗಂಟಲಿನಲ್ಲಿ ಕಹಿಯಾಗುವುದು ಅದರ ಮೂಲಕವೇ. ಬೇರೆ ಮದ್ದೂ ಇದ್ದರೆ ನಡುವೆ ಐದು ನಿಮಿಷದ ಬಿಡುವು ಇರಲಿ. ಮುಲಾಮು ಯಾವಾಗಲೂ ಕೊನೆಗೆ.

ಉರಿ ಬಂದಾಗ ಮಾತ್ರ ಹನಿ, ಉಳಿದಂತೆ ಮರೆವು ಎಂಬ ಕ್ರಮವೂ ಒಳ್ಳೆಯದಲ್ಲ. ವೈದ್ಯರು ಹೊತ್ತು ನಿಗದಿ ಮಾಡಿದ್ದರೆ ಉರಿ ತೋರುವ ಮುನ್ನವೇ ಬಿಡುವುದು ಹೆಚ್ಚು ಫಲಕಾರಿ. ಕಂಪ್ಯೂಟರಿನ ಮುಂದೆ ಕುಳಿತವರು ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ, ನಾಲ್ಕು ಸಲ ಎವೆಗಳನ್ನು ಪೂರ್ತಿ ಮುಚ್ಚಿ ತೆರೆದರೆ ಎಷ್ಟೋ ಹನಿ ಉಳಿಯುತ್ತದೆ. ತಿಂಗಳೆರಡು ತಿಂಗಳು ಹೀಗೆ ನಡೆದರೂ ಗುಣ ಕಾಣದಿದ್ದರೆ ಮಾರ್ಗಗಳು ಇನ್ನೂ ಇವೆ. ಕಣ್ಣೀರು ಹರಿದುಹೋಗುವ ಕಿಂಡಿಗೆ ಸಾಸಿವೆಗಿಂತ ಚಿಕ್ಕ ಬಿರಡೆಯಿಟ್ಟು ಇದ್ದ ಪಸೆಯನ್ನೇ ಉಳಿಸುವುದುಂಟು. ಉರಿಯೂತವನ್ನು ಶಮನಗೊಳಿಸುವ ಸೈಕ್ಲೋಸ್ಪೊರಿನ್ ಹನಿಗಳುಂಟು. ಅವೆಲ್ಲ ನೇತ್ರವೈದ್ಯರ ಅಧೀನ.

ಮನೆಯವರ ಅಧೀನದಲ್ಲಿರುವ ಕೆಲಸ ಒಂದಿದೆ. ಚೀಟಿಯ ಮೇಲೆ ಅಚ್ಚಾಗಿರುವ ಗಡುವು ಮುಚ್ಚಿದ ಸೀಸೆಗೆ ಸಂಬಂಧಿಸಿದ್ದು. ತೆರೆದ ಸೀಸೆಯ ಆಯುಸ್ಸು, ಚೀಟಿಯಲ್ಲಿ ಬೇರೆಯಾಗಿ ಹೇಳಿರದಿದ್ದರೆ, ಸಾಮಾನ್ಯವಾಗಿ ನಾಲ್ಕು ವಾರ. ಮುಚ್ಚಳ ತೆರೆದ ದಿನವೇ ಸೀಸೆಯ ಮೈಮೇಲೆ ತಾರೀಕನ್ನು ಬರೆದಿಟ್ಟು, ಮನೆಮಂದಿಗೆಲ್ಲ ಒಂದೇ ಸೀಸೆಯಾಗದಂತೆ ಹೆಸರನ್ನೂ ಬರೆದು, ವಾಯಿದೆ ಮುಗಿದಾಗ ಅರ್ಧ ಮದ್ದು ಮಿಕ್ಕಿದ್ದರೂ ಬಚ್ಚಲಿಗೆ ಚೆಲ್ಲಬೇಕು.